ಎನ್ಲಿಯ ದಾರಿಯಲ್ಲಿ ಹೆಲೆದ್

ಏಪ್ರಿಲ್ 28, ಸೋಮವಾರ

ಶಿಕ್ಷಕರ ಬೆಳಗಿನ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಮಿಸೆಸ್ ಪ್ಯಾರಿ ನನ್ನ ಹೆಸರನ್ನೇ ಹೇಳಿದರು. ಆರನೆಯ ತರಗತಿಯ ಹನ್ನೊಂದು ಮಕ್ಕಳನ್ನು ಹಳೆಯ ಯಾತ್ರಿಕರ ದಾರಿಯಲ್ಲಿ ನಡೆಸಿಕೊಂಡು ಹೋಗಬೇಕು. ಕ್ಲನ್ನೊಗ್‌ನ ಬೇನೊ ಸಂತನ ಚರ್ಚಿನಿಂದ ಅಬೆರ್‌ಡಾರನ್‌ವರೆಗೆ, ಶುಕ್ರವಾರಕ್ಕೊಂದು ತುಂಡು ದಾರಿ. ಕೊನೆಗೆ ದೋಣಿಯಲ್ಲಿ ಎನ್ಲಿ ದ್ವೀಪಕ್ಕೆ.

"ನಮ್ಮ ಮಕ್ಕಳಿಗೆ ಈಜಿಪ್ಟಿನ ದೇವರುಗಳೆಲ್ಲ ಗೊತ್ತು. ಮನೆ ಹಿಂದಿನ ದಾರೀಲಿ ಸಾವಿರ ವರ್ಷ ಜನ ಯಾಕೆ ನಡೆದ್ರು ಅಂದ್ರೆ ಬಾಯಿ ಬಿಡ್ತಾವೆ," ಎಂದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಎಲೆರಿ ಜೊತೇಲಿದ್ರೆ ನಂಗೆ ಚಿಂತೆನೇ ಇಲ್ಲ. ಅಕ್ಟೋಬರಲ್ಲಿ ನೋಡಿದ್ವಲ್ಲ," ಎಂದರು.

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮೇಜಿನ ಕೆಳಗೆ ಎರಡು ಕೈಗಳನ್ನೂ ತೊಡೆಯ ನಡುವೆ ಅದುಮಿಟ್ಟುಕೊಂಡಿದ್ದೆ.

ಪಟ್ಟಿಯಲ್ಲಿ ಏಳನೆಯ ಹೆಸರು ಅಕ್ಟೋಬರಿನ ಆ ಹುಡುಗಿಯದು. ಕಾಲು ಇನ್ನೂ ಗಟ್ಟಿಯಾಗಿಲ್ಲವೇನೋ, ಅವಳನ್ನು ಬಿಡೋಣವೇ ಎಂದು ಕೇಳಿದೆ. ಡಾಕ್ಟರ ಒಪ್ಪಿಗೆ ಆಗಲೇ ಬಂದಿದೆಯಂತೆ. ಬರಲೇಬೇಕೆಂದು ಅವಳೇ ಹಟ ಹಿಡಿದಿದ್ದಾಳಂತೆ.

ಏಪ್ರಿಲ್ 30, ಬುಧವಾರ

ಒಮ್ಮೆಯಾದರೂ ಇದ್ದದ್ದನ್ನು ಇದ್ದ ಹಾಗೆ ಬರೆದಿಡಬೇಕು. ಈ ಪುಸ್ತಕವನ್ನು ಯಾರೂ ಓದುವುದಿಲ್ಲ.

ಅಕ್ಟೋಬರಿನಲ್ಲಿ ಹಳೆಯ ಕಲ್ಲುಗಣಿಯೊಂದನ್ನು ನೋಡಲು ಹೋಗಿದ್ದೆವು. ವಾಪಸು ಬರುವಾಗ ಉಳಿದವರು ಬಸ್ಸಿನ ಕಡೆಗೆ ಮುಂದೆ ಹೋಗಿದ್ದರು. ಹಿಂದೆ ಉಳಿದವರು ನಾವಿಬ್ಬರೇ, ನಾನು ಮತ್ತು ಅವಳು. ಬೂಟಿನ ದಾರ ಕಟ್ಟಲು ಬಗ್ಗಿದವಳು ಸಡಿಲ ಕಲ್ಲಿನ ಮೇಲೆ ಜಾರಿ ಅಂಚಿನಿಂದಾಚೆ ಹೋದಳು. ಎರಡಾಳೆತ್ತರ ಕೆಳಗೆ ಹಾಸುಬಂಡೆಯ ಮೇಲೆ ಬಿದ್ದಳು. ಕಾಲು ಮುರಿದಿತ್ತು. "ಮಿಸ್, ಬನ್ನಿ ಮಿಸ್," ಎಂದು ಕರೆದಳು. ಇಳಿಯಲು ಮೆಟ್ಟಿಲಿನಂಥ ಜಾಗವಿತ್ತು, ಅಂಥ ಕಷ್ಟವೇನಲ್ಲ. ನಾನು ಬೇಲಿಯ ಕಂಬ ಹಿಡಿದುಕೊಂಡೆ. ಅದನ್ನು ಬಿಡಲಾಗಲಿಲ್ಲ. ನಾಲಿಗೆ ಹೊರಳಲಿಲ್ಲ. ಜೇಬಿನಲ್ಲಿ ಫೋನಿತ್ತು, ಕೈ ಅಲ್ಲಿಗೆ ಹೋಗಲಿಲ್ಲ. ಅವಳು ಕರೆಯುತ್ತಲೇ ಇದ್ದಳು. ಆಮೇಲೆ ಕರೆಯುವುದನ್ನು ಬಿಟ್ಟು ನನ್ನನ್ನು ನೋಡುತ್ತ ಮಲಗಿದಳು. ಇಪ್ಪತ್ತು ನಿಮಿಷ.

ನಾಯಿ ಹಿಡಿದುಕೊಂಡು ಹೊರಟಿದ್ದ ಯಾರೋ ಪ್ರವಾಸಿ ದಂಪತಿ ಕೆಳದಾರಿಯಿಂದ ಬಂದು ಅವಳನ್ನು ಕಂಡರು. ಅಂಬುಲೆನ್ಸಿಗೆ ಫೋನ್ ಮಾಡಿದವರೂ ಅವರೇ. ಆಗ ನನ್ನ ಕೈ ಕಂಬ ಬಿಟ್ಟಿತು. ಸುತ್ತುದಾರಿಯಲ್ಲಿ ಓಡಿಹೋಗಿ ಪಕ್ಕದಲ್ಲಿ ಕೂತೆ. ಅಂಬುಲೆನ್ಸ್ ಬಂದಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಊರು ನೋಡಿದ್ದು ಅದನ್ನೇ.

ವರದಿಯಲ್ಲಿ ಬರೆದೆ: 'ತಕ್ಷಣ ಕೆಳಗಿಳಿದು ಮಗುವಿನ ಪಕ್ಕದಲ್ಲೇ ಇದ್ದೆ.'

ಆ ದಂಪತಿ ರಜೆ ಮುಗಿಸಿ ಎಲ್ಲಿಗೋ ಹೋದರು. ಹುಡುಗಿ ಬೇರೆಯೇ ಹೇಳಿದಳಂತೆ. ಏಟಿನ ಗಾಬರಿ, ಮಗುವಿಗೆ ಎಲ್ಲ ಕಲಸಿಹೋಗಿದೆ ಎಂದು ಜನ ಅಂದರು. ನಾನು ಸುಮ್ಮನಿದ್ದೆ. ಕ್ರಿಸ್‌ಮಸ್ಸಿಗೆ ಮುಂಚೆ ಅವಳಿಂದ ಒಂದು ಕಾರ್ಡ್ ಬಂತು. 'ನನ್ನನ್ನು ಕಾಪಾಡಿದ್ದಕ್ಕೆ ಧನ್ಯವಾದ, ಮಿಸ್.' ಒಂದೊಂದು ಅಕ್ಷರವೂ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು.

ಬರೆದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಪುಸ್ತಕವನ್ನು ಎಲ್ಲಿಡಬೇಕೆಂಬುದೇ ಈಗ ಹೊಸ ಭಯ.

ಮೇ 2, ಶುಕ್ರವಾರ

ಕ್ಲನ್ನೊಗ್. ಹನ್ನೊಂದು ಮಕ್ಕಳು ಹೋದರು, ಹನ್ನೊಂದು ಮಕ್ಕಳು ಬಂದರು. ದಿನವಿಡೀ ಎಣಿಸಿದ್ದೇ ಆಯಿತು.

ಇಡ್ವಾಲ್ ಜೊತೆಗಿದ್ದರು. ಸಿಗಡಿ ಹಿಡಿಯುವ ಕಸುಬಿನಿಂದ ನಿವೃತ್ತರಾದವರು, ಸಂತರನ್ನು ಒಪ್ಪದ ಚಾಪೆಲ್ ಪಂಗಡದ ಹಿರಿಯರು, ಆದರೆ ಸಂತರ ಕಥೆಯೆಂದರೆ ಚರ್ಚಿನವರಿಗಿಂತ ಹೆಚ್ಚು ಗೊತ್ತು. "ನಮ್ಮ ಚಾಪೆಲ್ಲಲ್ಲಿ ಸಂತರೂ ಇಲ್ಲ, ಹೀಟರೂ ಇಲ್ಲ ಮಕ್ಕಳ್ರಾ. ಅದಕ್ಕೇ ಕಥೆ ಕೇಳೋಕೆ ಇಲ್ಲಿಗೆ ಬರ್ತೀನಿ," ಎಂದು ಶುರುಮಾಡಿದರು. ಚರ್ಚಿನ ಒಳಗೆ ನಾಯಿ ಹಿಡಿಯುವ ಕಬ್ಬಿಣದ ಚಿಮಟ ತೋರಿಸಿದರು. ಪ್ರಾರ್ಥನೆಯ ಹೊತ್ತಲ್ಲಿ ಕಚ್ಚಾಡುವ ನಾಯಿಗಳನ್ನು ಕತ್ತು ಹಿಡಿದು ಆಚೆ ಹಾಕುವುದಕ್ಕೆ. ತರಗತಿಯ ತುಂಟ ಗೆತಿನ್ ತನ್ನ ಕತ್ತನ್ನೇ ಅಳತೆಗೆ ಮುಂದೆ ಚಾಚಿದ. "ನಿಂಗೆ ಸಾಲಲ್ಲ ಕಣೋ, ಹಸುವಿಂದೇ ಬೇಕು," ಎಂದರು ಇಡ್ವಾಲ್.

ಆಮೇಲೆ ಬೇನೊ ಸಂತ ಕಡಿದುಹೋದ ತಲೆಯನ್ನು ಮತ್ತೆ ಕೂರಿಸಿ ಹುಡುಗಿಯೊಬ್ಬಳನ್ನು ಬದುಕಿಸಿದ ಕಥೆ. ಮಕ್ಕಳೆಲ್ಲ ಕತ್ತು ಮುಟ್ಟಿ ಮುಟ್ಟಿ ನಗುತ್ತಿದ್ದರು. ಆ ಹುಡುಗಿ ಮಾತ್ರ ಕೈಯೆತ್ತಿದಳು.

"ಅದನ್ನ ಯಾರು ನೋಡಿದ್ರು?"

"ಆ ಹುಡುಗೀನೇ ನೋಡಿರಬೇಕಲ್ಲಮ್ಮ, ತಲೆ ವಾಪಸ್ ಬಂದ್ಮೇಲೆ," ಎಂದರು ಇಡ್ವಾಲ್.

"ಅವಳು ಹೇಳಿದ್ದನ್ನ ಜನ ನಂಬಿದ್ರಾ?"

ಅವಳು ಕೇಳಿದ್ದು ಅವರನ್ನು. ಕಣ್ಣಿದ್ದದ್ದು ನನ್ನ ಮೇಲೆ. "ಊಟದ ಹೊತ್ತಾಯ್ತು," ಎಂದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ.

ಮೇ 4, ಭಾನುವಾರ

ಅಂಗಡಿಯಲ್ಲಿ ಅವಳ ತಾಯಿ ಮೆನ್ನಾ ಸಿಕ್ಕಿದಳು. ಹಾಲಿನ ಡಬ್ಬಿ ಕೈಯಲ್ಲಿ ಹಿಡಿದೇ ನನ್ನನ್ನು ತಬ್ಬಿಕೊಂಡಳು. "ನೀವಿದ್ದೀರಿ ಅಂತಲೇ ಅವಳನ್ನ ಕಳಿಸ್ತಿರೋದು. ಬೇರೆಯವರಾಗಿದ್ರೆ ನಾನು ಒಪ್ತಿದ್ನಾ?"

ಬ್ರೆಡ್ಡು ತರಲು ಹೋದವಳು ಬ್ರೆಡ್ಡಿಲ್ಲದೆ ಮನೆಗೆ ಬಂದೆ.

ಮೇ 9, ಶುಕ್ರವಾರ

ಒದ್ದೆ ಬಟ್ಟೆ ಬದಲಿಸದೆಯೇ ಬರೆಯುತ್ತಿದ್ದೇನೆ. ಅಕ್ಷರ ಹೇಗೆ ಬಂದರೆ ಹಾಗೆ.

ಇಂದು ಟ್ರೆವೋರ್ ಹಳ್ಳಿಯಿಂದ ಹತ್ತಿ, ಎರಡು ಶಿಖರಗಳ ನಡುವಿನ ಕಣಿವೆ ದಾಟಬೇಕಿತ್ತು. ಅಗಲ ದಾರಿ, ಪ್ರಪಾತವಿಲ್ಲ, ಅದನ್ನು ನಾನೇ ಎರಡು ಸಲ ಹೋಗಿ ನೋಡಿ ಬಂದಿದ್ದೆ. ಮೇಲೆ ತಲುಪುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿತು. ಐದು ಮಾರು ಆಚೆ ಏನೂ ಕಾಣದು. ಇಡ್ವಾಲ್ ಮುಂದೆ, ನಾನು ಕೊನೆಗೆ. ಗೆತಿನ್‌ನ ಬೂಟು ಕೆಸರಿನಲ್ಲಿ ಹೂತುಹೋಯಿತೆಂದು ಕೂಗಿದ. ನಾನು ಮುಂದೆ ಹೋಗಿ ಬೂಟು ಎಳೆದು ಕೊಟ್ಟೆ. ಗೇಟಿನ ಹತ್ತಿರ ನಿಂತು ಎಣಿಸಿದೆ. ಹತ್ತು.

ಮತ್ತೆ ಎಣಿಸಿದೆ. ಹತ್ತು.

"ಹೆಲೆದ್ ಇಲ್ಲ," ಎಂದ ಗೆತಿನ್.

ಅವಳೇ, ಆ ಹುಡುಗಿ. ಇಡ್ವಾಲ್ ನನ್ನ ಮುಖ ನೋಡಿ ಮೆಲ್ಲಗೆ, "ಇವರನ್ನ ನಾನು ನೋಡ್ಕೋತೀನಿ, ಹಾಡು ಹೇಳಿಸ್ತಿರ್ತೀನಿ. ದನಿ ಹಿಡ್ಕೊಂಡು ವಾಪಸ್ ಬನ್ನಿ," ಎಂದರು.

ನಾನು ಹೋದೆ. ಹೇಗೆ ಹೋದೆನೋ ತಿಳಿಯದು. ಹಿಂದೆ ಮಕ್ಕಳ ಹಾಡು ಸಣ್ಣದಾಗುತ್ತ ಬಂತು. ಕುರಿಯೊಂದು ಪಕ್ಕದಲ್ಲೇ ಕೆಮ್ಮಿದಾಗ ಚೀರಿದೆ. ಅವಳ ಹೆಸರು ಕೂಗಿದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಇನ್ನೂರು ಹೆಜ್ಜೆ ಆಚೆ, ಕಲ್ಲಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಅವಳು ಕೂತಿದ್ದಳು. ನೋವಾಗಿರಲಿಲ್ಲ. ಅತ್ತಿರಲಿಲ್ಲ.

"ಇಲ್ಯಾಕೆ ಕೂತೆ?"

"ನೀವು ಬರ್ತೀರೋ ಇಲ್ವೋ ನೋಡೋಣ ಅಂತ."

ಒದ್ದೆ ಹುಲ್ಲಿನ ಮೇಲೇ ಕೂತುಬಿಟ್ಟೆ.

"ಆವತ್ತು ಯಾಕೆ ಬರ್ಲಿಲ್ಲ?" ಎಂದಳು.

ಏನಾದರೂ ಹೇಳಬಹುದಿತ್ತು. ಆರು ತಿಂಗಳಿಂದ ಉತ್ತರಗಳನ್ನು ಜೋಡಿಸಿ ಇಟ್ಟುಕೊಂಡಿದ್ದೆ. "ಹೆದರಿಕೆ ಆಯ್ತು. ಕಾಲೇ ಬರ್ಲಿಲ್ಲ," ಎಂದೆ.

"ಹಾಗಾದ್ರೆ ನಂಗೆ ನೆನಪಿರೋದು ಸರಿ."

"ಸರಿ."

"ಮನಸ್ಸಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ರು ನನ್ನ. ತಲೆಗೆ ಏಟು ಬಿದ್ದಿದ್ದಕ್ಕೆ ಹಾಗನ್ಸುತ್ತೆ ಅಂದ್ರು. ನಂಗೂ ಹಾಗೇ ಅನ್ಸಿತ್ತು, ನಂಗೇ ಏನೋ ಕೆಟ್ಟಿದೆ ಅಂತ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಕಾರ್ಡು ಮೂರು ಸಲ ಬರೆಸಿದ್ಲು ಅಮ್ಮ. ಎರಡು ಸಲ ನಾನು ಹರಿದಾಕಿದ್ದೆ."

"ನಿಮ್ಮಮ್ಮಂಗೆ ಹೇಳ್ತೀನಿ."

"ಯಾವತ್ತು?"

"ಈ ವಾರ."

ಅವಳು ಎದ್ದಳು. ನನಗಿಂತ ಮುಂದೆ ನಡೆದಳು. ಕೈ ಹಿಡಿಯಲಿಲ್ಲ. ಹಾಡಿನ ದನಿ ಹಿಡಿದು ಇಬ್ಬರೂ ಗೇಟಿಗೆ ಬಂದೆವು. "ಎಲ್ಲಿಗೆ ಹೋಗಿದ್ಯೇ, ಉಚ್ಚೆಗಾ?" ಎಂದ ಗೆತಿನ್. "ಹೂಂ, ನಿನ್ನ ಬೂಟಲ್ಲಿ," ಎಂದಳು.

ಮೇ 14, ಬುಧವಾರ

ಮೆನ್ನಾಳ ಮನೆಯ ಮುಂದೆ ಎರಡು ಸಲ ಕಾರು ನಿಲ್ಲಿಸಿದೆ. ಎರಡನೆಯ ಸಲ ಪರದೆ ಸರಿದ ಹಾಗಾಯಿತು. ಹೊರಟು ಬಂದೆ.

ಮೇ 16, ಶುಕ್ರವಾರ

ಪಿಸ್ಟಿಲ್. ಸಮುದ್ರದ ಮೇಲಣ ಇಳಿಜಾರಿನಲ್ಲಿ ದನದ ಕೊಟ್ಟಿಗೆಯಷ್ಟು ಚಿಕ್ಕ ಚರ್ಚು. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಕುಷ್ಠರೋಗಿಗಳು ಆಚೆ ನಿಂತು ಅದರ ಮೂಲಕ ಪೂಜೆ ನೋಡುತ್ತಿದ್ದರಂತೆ. ಮಕ್ಕಳು ಸರದಿಯಲ್ಲಿ ಹೊರಗೆ ಹೋಗಿ ಇಣುಕಿದರು. ಹೆಲೆದ್ ಇಣುಕಿದಾಗ ನಾನು ಒಳಗೆ, ಸರಿಯಾಗಿ ಎದುರಿಗೆ ನಿಂತಿದ್ದೆ. ನಾನೇ ಕಣ್ಣು ತಗ್ಗಿಸಿದೆ.

ಊಟಕ್ಕೆ ಕೂತಾಗ ಅವಳು ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ, "ವಾರ ಆಯ್ತು," ಎಂದಳು. ನಾನು ತಂದಿದ್ದ ಬಾರಾಬ್ರಿಥ್ ಎಂಬ ಒಣದ್ರಾಕ್ಷಿ ಬ್ರೆಡ್ಡಿನ ಒಂದು ಹೋಳು ಅವಳ ಕಡೆ ಸರಿಸಿದೆ. ಎರಡು ಬೆರಳಿನಿಂದ ಅದನ್ನು ಎತ್ತಿ ಇಡ್ವಾಲ್‌ಗೆ ಕೊಟ್ಟಳು.

ಅವಳು ಯಾರಿಗಾದರೂ ಹೇಳಿಬಿಡುತ್ತಾಳೆ ಎಂಬ ಹೆದರಿಕೆ ಮೊದಲು. ಈಗ ಅದಲ್ಲ. ಅವಳು ಹೇಳುವುದಿಲ್ಲ. ಇನ್ನೊಮ್ಮೆ ಹೇಳಿ ಸುಳ್ಳಿ ಅನ್ನಿಸಿಕೊಳ್ಳಲು ಅವಳಿಗಿಷ್ಟವಿಲ್ಲ. ಅವಳನ್ನು ಹಾಗೆ ಮಾಡಿದವಳು ನಾನು.

ಮೇ 23, ಶುಕ್ರವಾರ

ನೆವಿನ್‌ವರೆಗೆ. ಗಾಳಿ. ಹನ್ನೊಂದು. ಹೇಳಲಿಲ್ಲ.

ಜೂನ್ 6, ಶುಕ್ರವಾರ

ಮಧ್ಯಾವಧಿ ರಜೆಯ ಒಂಬತ್ತು ದಿನವೂ ನಾಳೆ ನಾಳೆ ಎಂದು ಕಳೆದೆ. ಇಂದು ಟಿಡ್‌ವೈಲಿಯೊಗ್. ಹೆಲೆದ್ ಕುಂಟುತ್ತಿದ್ದಳು. ನೋವಿದೆಯಾ ಎಂದು ಕೇಳಿದರೆ, "ಇಲ್ಲ" ಎಂದಳು. ಬೂಟು ಬಿಚ್ಚಿಸಿ ನೋಡಿದೆ, ಹಿಮ್ಮಡಿಯಲ್ಲಿ ನಾಣ್ಯದಷ್ಟು ದೊಡ್ಡ ಗುಳ್ಳೆ. ಪಟ್ಟಿ ಹಾಕುವಾಗ ಸುಮ್ಮನೆ ಕಾಲು ಕೊಟ್ಟಿದ್ದಳು. ಕೊನೆಯ ಎರಡು ಮೈಲಿ ಅವಳ ಚೀಲ ನಾನು ಹೊತ್ತೆ. ಅದರಲ್ಲಿ ಏನಿಟ್ಟಿದ್ದಳೋ, ಕಲ್ಲಿನಷ್ಟು ಭಾರ. ಕೇಳಿದರೆ, "ಕಲ್ಲೇ," ಎಂದಳು. ದಾರಿಯ ಪ್ರತಿ ಚರ್ಚಿನ ಹತ್ತಿರ ಒಂದೊಂದು ಆರಿಸಿ ಹೆಸರು ಬರೆದಿಟ್ಟುಕೊಂಡಿದ್ದಾಳೆ.

ಇಂದು ಎಣಿಸಲು ಮರೆತೆ. ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಜೂನ್ 13, ಶುಕ್ರವಾರ

ನೆಲದ ಕೊನೆ. ಅಲ್ಲಿಂದಾಚೆಗೆ ನೀರು, ನೀರಿನಾಚೆ ಎನ್ಲಿ, ದೊಡ್ಡದೊಂದು ಇಲಿ ಬಾಲ ಚಾಚಿ ಮಲಗಿದ ಹಾಗೆ. ಇಪ್ಪತ್ತು ಸಾವಿರ ಸಂತರು ಅಲ್ಲಿ ಹೂತಿದ್ದಾರೆಂದು ಇಡ್ವಾಲ್ ಹೇಳಿದಾಗ ಗೆತಿನ್ ಲೆಕ್ಕ ಹಾಕಿ, "ನಿಂತ್ಕೊಂಡೇ ಹೂತಿರಬೇಕು," ಎಂದ.

ಕೆಳಗೆ, ಬಂಡೆಗಳ ಬುಡದಲ್ಲಿ, ಮೇರಿಯ ಬುಗ್ಗೆ. ಉಬ್ಬರದಲ್ಲಿ ಸಮುದ್ರ ಅದನ್ನು ಮುಚ್ಚುತ್ತದೆ, ಇಳಿತದಲ್ಲಿ ಮತ್ತೆ ಸಿಹಿನೀರು. ಬಾಯಿ ತುಂಬ ಆ ನೀರು ಹಿಡಿದು, ಚೆಲ್ಲದೆ ಮೇಲೆ ಬಂದರೆ ಬಯಸಿದ್ದು ಆಗುತ್ತದಂತೆ. ಮಕ್ಕಳನ್ನು ಇಳಿಸಕೂಡದೆಂದು ಮೊದಲೇ ಬರೆದುಕೊಟ್ಟಿದ್ದೆ. ಜಾರು ಮೆಟ್ಟಿಲು, ಕೆಳಗೆ ಅಲೆ ಬಡಿಯುವ ಸದ್ದು. ನಾನು ಹತ್ತಡಿ ಹಿಂದೆಯೇ ನಿಂತು, ಮಕ್ಕಳನ್ನೂ ಅಲ್ಲೇ ಕೂರಿಸಿದೆ.

ಹೆಲೆದ್ ಪಕ್ಕಕ್ಕೆ ಬಂದಳು. ನಗಲಿಲ್ಲ, ಸಿಟ್ಟೂ ಇರಲಿಲ್ಲ. ಪಾಠದಲ್ಲಿ ಅನುಮಾನ ಕೇಳುವ ಹಾಗೆ ಕೇಳಿದಳು:

"ಮಿಸ್, ನಾವು ಕೆಳಗೆ ಇಳಿದ್ವಿ ಅಂತ ಬರೀತೀರಾ?"

ಅವಳು ಹೋಗಿ ಉಳಿದವರ ಜೊತೆ ಕೂತು ಸೇಬು ತಿಂದಳು. ಅವಳಿಗೆ ಅದು ಮುಗಿದ ಮಾತು. ನನ್ನ ಮೇಲೆ ಅವಳಿಗೆ ಈಗ ಯಾವ ನಿರೀಕ್ಷೆಯೂ ಇಲ್ಲ.

ಮುಂದಿನ ಶುಕ್ರವಾರ ಅಬೆರ್‌ಡಾರನ್ ಚರ್ಚಿನಲ್ಲಿ ಸಮಾರೋಪ. ತಂದೆತಾಯಿಗಳೆಲ್ಲ ಬರುತ್ತಾರೆ.

ಜೂನ್ 19, ಗುರುವಾರ

ನಾಳೆ ಬರಲಾಗುವುದಿಲ್ಲವೆಂದು ಹೇಳಲು ಮಿಸೆಸ್ ಪ್ಯಾರಿಯವರಿಗೆ ಫೋನ್ ಮಾಡಿದೆ. ಅವರೇ ಮೊದಲು ಮಾತಾಡಿದರು. "ಗುಟ್ಟು ಹೇಳಬಾರದು, ಆದ್ರೂ ಹೇಳ್ತೀನಿ. ಮೆನ್ನಾ ನಿಮಗೆ ಹೂ ಕೊಡ್ತಾಳೆ. ಹೆಲೆದ್ ಕೈಯಿಂದ ಕೊಡಿಸ್ತಾಳಂತೆ."

ಫೋನ್ ಇಟ್ಟೆ.

ಜೂನ್ 20, ಶುಕ್ರವಾರ

ಆದ ಕ್ರಮದಲ್ಲೇ ಬರೆಯುತ್ತೇನೆ.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಗೆತಿನ್ ನಾಯಿ ಚಿಮಟದ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದ. ಹೆಲೆದ್ ಪಿಸ್ಟಿಲ್‌ನ ಕಿಟಕಿಯ ಬಗ್ಗೆ ಹೇಳಿದಳು, ನಾಲ್ಕೇ ಮಾತು. ಮಿಸೆಸ್ ಪ್ಯಾರಿ ನನ್ನ ಧೈರ್ಯದ ಬಗ್ಗೆ ಮಾತಾಡಿದರು. ಚಪ್ಪಾಳೆ. ಮೆನ್ನಾ ಹೂಗಳನ್ನು ಮಗಳ ಕೈಗೆ ಕೊಟ್ಟು ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದಳು. ಹೆಲೆದ್ ನಡೆದು ಬಂದಳು. ಹೂವನ್ನು ಎದೆಯಿಂದ ದೂರ ಹಿಡಿದಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಆ ಕಾರ್ಡನ್ನು ಬರೆದಾಗಲೂ ಹೀಗೇ ಕೂತಿದ್ದಳೇನೋ ಎಂದು ಹೊಳೆಯಿತು.

"ಬೇಡ, ಕೊಡಬೇಡ ಅದನ್ನ," ಎಂದೆ. ಬೆಂಚಿನ ಹಿಡಿ ಹಿಡಿದುಕೊಂಡು ಎದ್ದೆ. ಹೊರಗೆ ಸಮುದ್ರದ ಸದ್ದು ಜೋರಾಗಿತ್ತು. ಇನ್ನಷ್ಟು ಜೋರಾಗಿದ್ದರೆ ಎನ್ನಿಸಿತು.

"ನಾನು ಅವತ್ತು ಇಳೀಲಿಲ್ಲ. ಹೆಲೆದ್ ಬಿದ್ದಾಗ ನಾನು ಮೇಲೇ ನಿಂತಿದ್ದೆ. ಇಪ್ಪತ್ತು ನಿಮಿಷ. ಅವಳು ಕರೀತಾನೇ ಇದ್ಲು. ಇಳಿದೆ ಅಂತ ವರದೀಲಿ ಸುಳ್ಳು ಬರೆದೆ. ಅವಳು ನಿಮಗೆಲ್ಲ ಹೇಳಿದ್ದೇ ನಿಜ. ಅವಳ ತಲೆಗೆ ಏನೂ ಆಗಿರ್ಲಿಲ್ಲ."

ಅಷ್ಟೇ. ಕೂತೆ.

ಮೆನ್ನಾ ಇನ್ನೂ ನಿಂತೇ ಇದ್ದಳು. ನನ್ನನ್ನು ನೋಡುತ್ತಾಳೆ, ಕೂಗುತ್ತಾಳೆ ಎಂದುಕೊಂಡೆ. ಅವಳು ನೋಡುತ್ತಿದ್ದದ್ದು ಮಗಳನ್ನು. "ನೀನು ಹೇಳಿದ್ಯಲ್ಲೇ," ಎಂದಳು. "ಮನೆಗೆ ಬಂದ ಮೊದಲ್ನೇ ದಿನಾನೇ ಹೇಳಿದ್ಯಲ್ಲೇ." ಹೆಲೆದ್ ತಲೆಯಾಡಿಸಿದಳು. ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಆಚೀಚೆ ನೋಡಿದಳು. ಇಡ್ವಾಲ್ ಕೈಚಾಚಿ ಇಸಿದುಕೊಂಡರು.

ಹೊರಗೆ ಮರಳಿನ ಮೇಲೆ ಮೆನ್ನಾ ನನ್ನ ಎದುರಿಗೆ ಬಂದಳು. "ಮೂರು ಸಲ ಬರೆಸಿದೀನಿ ಆ ಕಾರ್ಡನ್ನ. ಪಕ್ಕದಲ್ಲಿ ನಿಂತು. ಅಳ್ತಿದ್ಲು, ಬರಿ ಅಂದೆ. ಅದನ್ನ ನಂಗೆ ಮಾಡಿಸಿದ್ರಿ ನೀವು." ಅವಳ ದನಿ ಏರಲಿಲ್ಲ. "ನಂಗೆ ನಿಮ್ಮ ಮುಖ ನೋಡೋಕಾಗಲ್ಲ ಎಲೆರಿ. ಸದ್ಯಕ್ಕೆ ಆಗಲ್ಲ."

ಹೌದು ಎಂದೆ.

ಕಾರಿನ ಹತ್ತಿರ ಇಡ್ವಾಲ್ ಆ ಹೂವುಗಳನ್ನು ಕಂಕುಳಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಅರುವತ್ತು ವರ್ಷದಿಂದ ಚಾಪೆಲ್ಲಲ್ಲಿ ಉಪದೇಶ ಕೇಳ್ತಿದೀನಿ," ಎಂದರು. "ಇಷ್ಟು ಚಿಕ್ಕದು ಒಂದೂ ಕೇಳಿರ್ಲಿಲ್ಲ. ಹೋಗಿ, ಏನಾದ್ರೂ ತಿನ್ನಿ."

ಬಂದು ಎರಡು ಮೊಟ್ಟೆ ಬೇಯಿಸಿ ತಿಂದೆ.

ಜೂನ್ 24, ಮಂಗಳವಾರ

ಮಿಸೆಸ್ ಪ್ಯಾರಿ ಬಾಗಿಲು ಹಾಕಿಕೊಂಡು ಮಾತಾಡಿದರು. ವಿಚಾರಣೆ ನಡೆಯುತ್ತದೆ. ಅದು ಮುಗಿಯುವವರೆಗೆ ಮಕ್ಕಳನ್ನು ಶಾಲೆಯ ಹೊರಗೆ ಕರೆದೊಯ್ಯುವಂತಿಲ್ಲ; ತರಗತಿಯಲ್ಲೂ ಇನ್ನೊಬ್ಬರು ಜೊತೆಗಿರುತ್ತಾರೆ. ಕೆಲಸ ಉಳಿಯುವುದೋ ಇಲ್ಲವೋ ಅವರಿಗೂ ಗೊತ್ತಿಲ್ಲ. "ನಾನು ಎಲ್ಲರ ಮುಂದೆ ನಿಮ್ಮನ್ನ ಹೊಗಳಿದ್ನಲ್ಲ," ಎಂದರು, ಅದೇ ದೊಡ್ಡ ನೋವೆಂಬಂತೆ. ಹಳೆಯ ವರದಿಯ ಪಕ್ಕಕ್ಕೆ ಹೊಸದನ್ನು ಬರೆದುಕೊಟ್ಟೆ. ಒಂದು ಪುಟ ಸಾಕಾಯಿತು.

ಅಂಗಡಿಯಲ್ಲಿ ಇಬ್ಬರು ಮಾತು ನಿಲ್ಲಿಸಿದರು. ಬ್ರೆಡ್ಡು, ಬೆಣ್ಣೆ, ಈರುಳ್ಳಿ ತಂದೆ.

ಜೂನ್ 27, ಶುಕ್ರವಾರ

ದೋಣಿಯ ದಿನ. ನನ್ನ ಜಾಗದಲ್ಲಿ ಮೆನ್ನಾ ಹೋದಳು.

ನಾನು ರಜೆ ಹಾಕಿ ತುದಿಯ ಗುಡ್ಡಕ್ಕೆ ಹೋದೆ. ಹತ್ತು ಗಂಟೆಗೆ ಹಳದಿ ದೋಣಿ ಕಂಡಿತು, ಅಲೆಗಳ ನಡುವೆ ಏಳುತ್ತ ಮುಳುಗುತ್ತ. ಬಂಡೆ ಅಡ್ಡ ಬಂದು ಪೂರ್ತಿ ಕಾಣುತ್ತಿರಲಿಲ್ಲ. ಬೇಲಿ ದಾಟಿ ಕೆಳಗಿನ ಚಾಚುಗಲ್ಲಿನವರೆಗೆ ಹೋಗಿ ನಿಂತೆ. ಅಲ್ಲಿಂದ ಚೆನ್ನಾಗಿ ಕಂಡಿತು. ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿಗಳು. ಹೆಲೆದ್ ಯಾವುದೆಂದು ಗುರುತು ಸಿಗಲಿಲ್ಲ. ದ್ವೀಪದ ಮರೆಗೆ ಹೋಗುವವರೆಗೂ ನೋಡಿದೆ. ಗಾಳಿಗೆ ಕಿವಿ ನೋಯುತ್ತಿದೆ, ಟೋಪಿ ಒಯ್ಯಬೇಕಿತ್ತು.

ಜುಲೈ 3, ಗುರುವಾರ

ಮಕ್ಕಳ ಬರಹಗಳು ಬಂದಿವೆ: 'ನಾವು ನಡೆದ ದಾರಿ.' ಒಟ್ಟು ಹನ್ನೊಂದು. ಗೆತಿನ್ ಎರಡೂವರೆ ಪುಟ ಬರೆದು, ಅದರಲ್ಲಿ ಎರಡು ಪುಟ ದೋಣಿಯಲ್ಲಿ ಯಾರ್ಯಾರು ವಾಂತಿ ಮಾಡಿದರೆಂಬುದನ್ನೇ ವಿವರಿಸಿದ್ದಾನೆ.

ಹೆಲೆದ್ ತನ್ನ ಹಾಳೆಯನ್ನು ತಾನೇ ತಂದು ಮೇಜಿನ ಮೇಲಿಟ್ಟಳು. "ಕಾಗುಣಿತ ನೋಡಿ ಮಿಸ್," ಎಂದಳು. ಹೋಗಿ ತನ್ನ ಜಾಗದಲ್ಲಿ ಕೂತಳು. ಇಲ್ಲಿ ನಕಲು ಮಾಡಿಟ್ಟುಕೊಳ್ಳುತ್ತೇನೆ:

'ಎನ್ಲಿಗೆ ಹೋಗುವವರು ಗಾಳಿ ಇಳಿಯುವವರೆಗೆ ಅಬೆರ್‌ಡಾರನ್‌ನಲ್ಲಿ ಕಾಯುತ್ತಿದ್ದರು. ದೋಣಿ ಮುಳುಗಬಹುದು ಅಂತ ಅವರಿಗೆ ಭಯ ಇತ್ತು. ಅದಕ್ಕೆ ಹತ್ತುವ ಮೊದಲು ತಾವು ಮಾಡಿದ ತಪ್ಪನ್ನು ಹೇಳುತ್ತಿದ್ದರು ಅಂತ ದೋಣಿಯಲ್ಲಿ ಇಡ್ವಾಲ್ ತಾತ ಹೇಳಿದರು. ಹೇಳಿದವರಿಗೆಲ್ಲ ದೋಣಿಯಲ್ಲಿ ಜಾಗ ಸಿಗುತ್ತಿತ್ತು. ನಮ್ಮ ಮಿಸ್ ಕೂಡ ಅಬೆರ್‌ಡಾರನ್‌ನಲ್ಲಿ ಹೇಳಿದರು. ಅವರಿಗೆ ಜಾಗ ಸಿಗಲಿಲ್ಲ. ಸಿಗಬೇಕಿತ್ತಾ ಬೇಡವಾ ಅಂತ ನಾನು ಇನ್ನೂ ಯೋಚನೆ ಮಾಡುತ್ತಾ ಇದ್ದೇನೆ. ಆದರೆ ಅವರು ಹೇಳಿದ್ದು ನಿಜ. ನಾನು ಅಲ್ಲಿ ಇದ್ದೆ.'

'ಯೋಚನೆ'ಯ ಒಂದು ದೀರ್ಘ ಬಿಟ್ಟುಹೋಗಿತ್ತು. ಅದನ್ನು ಹಾಕಿದೆ. ಉಳಿದದ್ದನ್ನು ಮುಟ್ಟಲಿಲ್ಲ.